ನಳದ ನೀರಿನ ತಪ್ಪನ್ನು ನನ್ನ ಸೊಸೆಯ ತಲೆಗೆ ಕಟ್ಟಿದ ಬಗ್ಗೆ

ನಮ್ಮ ಪಟ್ಟಣಕ್ಕೆ ನೀರು ಬಿಡುವ ಕಚೇರಿಯ ದೊಡ್ಡ ಕುರ್ಚಿಯಲ್ಲಿ ಕುಳಿತಿರುವ ಮಾನ್ಯರೇ,

ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ನೀವು ನಮ್ಮ ಅತ್ತಾರ ಓಣಿಯ ನಳಗಳಿಗೆ ಬರುತ್ತಿದ್ದ ಹೊಳೆಯ ನೀರನ್ನು ನಿಲ್ಲಿಸಿ ಕೊಳವೆಬಾವಿಯ ಗಡಸು ನೀರನ್ನು ಬಿಟ್ಟಿರಿ. ಬಿಟ್ಟದ್ದೇ ತಪ್ಪು ಎಂದು ನಾನು ಜಗಳಕ್ಕೆ ಬಂದಿಲ್ಲ. ಹೊಳೆಯಲ್ಲಿ ನೀರು ಕಡಿಮೆಯಾಗಿತ್ತು, ನಿಮಗೂ ನಿಮ್ಮ ತೊಂದರೆ ಇತ್ತು ಎಂದುಕೊಳ್ಳೋಣ. ಆದರೆ ಬಿಟ್ಟದ್ದನ್ನು ನಮಗೆ ಹೇಳಲಿಲ್ಲವಲ್ಲ? ನೀವು ಹೇಳದೆ ಇದ್ದುದರಿಂದ ನನ್ನ ಸೊಸೆ ಬೇಳೆ ಬೇಯಿಸಲು ಬಾರದವಳು ಎಂಬ ಹೆಸರು ಹೊತ್ತು ತವರಿಗೆ ಹೋಗಿ ಕುಳಿತಿದ್ದಾಳೆ. ಬರುವ ತಿಂಗಳ ಎರಡನೆಯ ಶುಕ್ರವಾರ ಎರಡೂ ಕಡೆಯ ಹಿರಿಯರು ಕೂಡುತ್ತಾರೆ. ಅಷ್ಟರೊಳಗೆ ನಿಮ್ಮ ಕಚೇರಿಯಿಂದ ಒಂದು ಕಾಗದ ಬರದಿದ್ದರೆ ಅವಳ ಮದುವೆ ಮುಗಿದಂತೆ ಬರೆದುಬಿಡುತ್ತಾರೆ. ಆ ಕೆಟ್ಟ ಹೆಸರು ಮಾತ್ರ ಅವಳ ಮೇಲೆಯೇ ಉಳಿಯುತ್ತದೆ. ಹಾಗಾಗಿ ಈ ಪತ್ರವನ್ನು ನಿಮ್ಮ ಆವಕ ವಿಭಾಗಕ್ಕೆ ಕೊಡದೆ ಪತ್ರಿಕೆಗೆ ಕೊಡುತ್ತಿದ್ದೇನೆ. ಆವಕ ವಿಭಾಗಕ್ಕೆ ಕೊಟ್ಟ ನನ್ನ ಮೂರು ಪತ್ರಗಳು ಎಲ್ಲಿವೆಯೋ ನನಗೆ ತಿಳಿಯದು, ಬಹುಶಃ ನಿಮಗೂ ತಿಳಿಯದು.

ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಕುಷ್ಟಗಿಯವರು ಓದಿದರೆ ಕುಷ್ಟಗಿ ಎಂದುಕೊಳ್ಳಲಿ, ಯಲಬುರ್ಗಾದವರು ಓದಿದರೆ ಯಲಬುರ್ಗಾ ಎಂದುಕೊಳ್ಳಲಿ. ನಮ್ಮ ಭಾಗದಲ್ಲಿ ಬೋರಿನ ನೀರು ಕುದಿಸಿದ ಪಾತ್ರೆಗೆ ಸುಣ್ಣ ಕಟ್ಟದ ಮನೆ ಎಷ್ಟಿದ್ದಾವು? ನಾನು ನಿವೃತ್ತ ಕನ್ನಡ ಶಾಲೆಯ ಶಿಕ್ಷಕಿ. ಹದಿನಾಲ್ಕು ವರ್ಷ ದಿನಾಲೂ ಬಸ್ಸಿನಲ್ಲಿ ಹಳ್ಳಿಗಳಿಗೆ ಹೋಗಿ ಬಂದು, ಆಮೇಲೆ ಹದಿನಾರು ವರ್ಷ ಇದೇ ಊರಿನಲ್ಲಿ ಪಾಠ ಹೇಳಿ, ಅಕ್ಷರ ದುಂಡಗೆ ಬರೆಯುತ್ತಾರೆ ಎಂಬ ಹೆಸರು ಸಂಪಾದಿಸಿದವಳು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ನಾನು ಮತ್ತು ಮಗ ಸಾದಿಕ. ಅವನು ವಕೀಲರೊಬ್ಬರ ಹತ್ತಿರ ಗುಮಾಸ್ತ. ಅವನಿಗೆ ಗಂಗಾವತಿಯ ಆಚೆ, ಕಾಲುವೆ ನೀರಿನ ಭತ್ತದ ಸೀಮೆಯ ಶ್ರೀರಾಮನಗರದಿಂದ ಶಾಯಿಸ್ತಾಳನ್ನು ತಂದುಕೊಂಡೆವು. ನಾವು ತಂದುಕೊಂಡೆವು ಎಂದು ಒತ್ತಿ ಬರೆಯುತ್ತಿದ್ದೇನೆ, ಅವಳು ತಾನಾಗಿ ಬಂದವಳಲ್ಲ. ಎರಡು ಸಲ ಹೋಗಿ ಕೇಳಿ, ಮೂರನೆಯ ಸಲ ಅವಳ ತಾಯಿ ಹುಸೇನಬೀಯವರ ಕೈ ಹಿಡಿದು, 'ನಿಮ್ಮ ಮಗಳನ್ನ ನನ್ನ ಮಗಳಂಗ ನೋಡ್ಕೋತೀನ್ರಿ' ಎಂದು ಹೇಳಿ ತಂದವಳು ನಾನು.

ನಮ್ಮಲ್ಲಿ ಮದುವೆಯಾದ ಮೇಲೆ ಐದು ಶುಕ್ರವಾರ ಹೊಸ ಜೋಡಿಗೆ ನೆಂಟರು ಊಟ ಹಾಕುತ್ತಾರೆ. ಅದಕ್ಕೆ ಜುಮ್ಮಾಗಿ ಎನ್ನುತ್ತೇವೆ. ನಮ್ಮ ಮನೆತನದಲ್ಲಿ ಐದನೆಯ ಜುಮ್ಮಾಗಿ ಗಂಡಿನ ಮನೆಯಲ್ಲೇ. ಅವತ್ತು ಮೊದಲ ಬಾರಿಗೆ ಸೊಸೆ ಅಡುಗೆ ಮಾಡಬೇಕು, ಅವತ್ತಿನಿಂದ ಅತ್ತೆ ಒಲೆಯ ಹತ್ತಿರ ಹೋಗಬಾರದು. ಸೊಸೆಗೆ ಮರ್ಯಾದೆ ಕೊಡಲು ಮಾಡಿಕೊಂಡ ರೂಢಿ ಇದು. ನನ್ನ ಅತ್ತೆ ನನಗೆ ಹಾಗೆಯೇ ಒಲೆ ಬಿಟ್ಟುಕೊಟ್ಟು ಸಾಯುವವರೆಗೆ ಒಂದು ಸೌಟನ್ನೂ ಹಿಡಿಯಲಿಲ್ಲ. ನಾನೂ ಅವತ್ತು ಶಾಯಿಸ್ತಾಳ ಕೈಗೆ ಉಗ್ರಾಣದ ಕೀಲಿ ಕೊಟ್ಟು, ಹಜಾರದಲ್ಲಿ ಕುಳಿತು, ಮೂವತ್ತು ವರ್ಷದ ದುಡಿಮೆ ಮುಗಿಯಿತು ಎಂದು ಕಾಲು ಚಾಚಿದೆ. ಅದರ ಹಿಂದಿನ ದಿನ ನಿಮ್ಮ ಆರು ಜನ ನಮ್ಮ ಮನೆ ಎದುರು ಗುಂಡಿ ತೋಡಿ ಪೈಪಿಗೆ ಏನೋ ಕೂಡಿಸುತ್ತಿದ್ದರು. ಕೇಳಿದ್ದಕ್ಕೆ, 'ಲೀಕೇಜ್ ಐತ್ರಿ ಅಕ್ಕೋರ, ನಾಳೆ ಮುಗೀತೈತಿ' ಎಂದರು. ಮರುದಿನವೂ ಬಿಸಿಲಲ್ಲಿ ಬೆವರು ಸುರಿಸುತ್ತಿದ್ದರು. ಪಾಪ ಎನ್ನಿಸಿ ಅವರನ್ನೂ ಊಟಕ್ಕೆ ಕರೆದೆ.

ಆ ಊಟಕ್ಕೆ ಶಾಯಿಸ್ತಾ ಬಗಾರ ಅನ್ನ ಮತ್ತು ದಾಲ್ಚಾ ಮಾಡಿದಳು. ಕಡಲೆಬೇಳೆ, ಸೋರೆಕಾಯಿ, ಮಾಂಸ ಹಾಕಿ ಬೇಳೆ ಕರಗುವ ಹಾಗೆ ಮಾಡುವ ಸಾರು ಅದು. ಬೇಳೆ ಕರಗಲಿಲ್ಲ. ನಲವತ್ತು ಮಂದಿ ನೆಂಟರ ನಡುವೆ ಬೇಳೆ ಹಲ್ಲಿಗೆ ಸಿಕ್ಕು ಕಟಕಟ ಎಂದಿತು. ಯಾರೋ ನಕ್ಕರು. ಇನ್ನು ಯಾರೋ, 'ಕ್ಯಾನಾಲ್ ಕಡೀ ಮಂದಿ ಅನ್ನಾ ಉಂಡಾರ, ಬ್ಯಾಳಿ ಕಂಡಾರೇನು?' ಎಂದರು. ನನಗೆ ನಾಚಿಕೆಯಿಂದ ನೆಲ ಬಿರಿದು ಒಳಗೆ ಹೋದರೆ ಸಾಕು ಎನ್ನಿಸಿತು. ಒಳಗೆ ಹೋಗಿ ನೋಡಿದರೆ ಹುಡುಗಿ ನಸುಕಿನಿಂದ ಒಲೆಯ ಮುಂದೆ ಕುಳಿತವಳು ಇನ್ನೂ ಉರಿ ಹೆಚ್ಚಿಸುತ್ತಲೇ ಇದ್ದಳು. ಕಣ್ಣು ಕೆಂಪಾಗಿದ್ದವು. 'ಅಮ್ಮಾ, ನಾಲ್ಕು ತಾಸಾತ್ರಿ, ಬೇಯವಲ್ಲದು' ಎಂದಳು. ನಾನು ಅವಳ ಬೆನ್ನ ಮೇಲೆ ಕೈಯಿಡಬೇಕಾಗಿತ್ತು. ಇಡಲಿಲ್ಲ. 'ಬ್ಯಾಳಿ ರಾತ್ರಿ ನೆನೀ ಇಡಬೇಕನ್ನೋದೂ ಗೊತ್ತಿಲ್ಲೇನು?' ಎಂದೆ. ರಾತ್ರಿಯೇ ನೆನೆಯಿಟ್ಟಿದ್ದಳಂತೆ. ನಮ್ಮ ನಳದ ನೀರಿನಲ್ಲಿ.

ಅಲ್ಲಿಂದ ಶುರುವಾಯಿತು. ಸಾಹೇಬರೇ, ಗಡಸು ನೀರು ಎಂದರೆ ನಿಮಗೆ ಪ್ರಯೋಗಾಲಯದ ವರದಿಯಲ್ಲಿನ ಒಂದು ಅಂಕಿ. ನಮಗೆ ಅದು ಬೆಳಿಗ್ಗೆ ಎದ್ದರೆ ಬಚ್ಚಲಲ್ಲಿ, ಆಮೇಲೆ ಅಡುಗೆಮನೆಯಲ್ಲಿ, ಆಮೇಲೆ ಒಗೆಯುವ ಕಲ್ಲಿನ ಮೇಲೆ, ಸಂಜೆ ಬಾಚಣಿಗೆಯಲ್ಲಿ. ಸಾಬೂನು ತಿಕ್ಕಿದಷ್ಟೂ ನೊರೆ ಬರದೆ ಒಡೆದ ಹಾಲಿನಂತೆ ಬಿಳಿ ಚೂರಾಗಿ ತೇಲುತ್ತದೆ. ತೊಳೆದ ಸ್ಟೀಲ್ ಕೊಡ ಒಣಗಿದರೆ ಮೈತುಂಬ ಬಿಳಿ ಕಲೆ. ಸಾದಿಕನ ಬಿಳಿ ಅಂಗಿಗಳು ಎರಡು ತಿಂಗಳಲ್ಲಿ ಬೂದಿ ಬಣ್ಣಕ್ಕೆ ತಿರುಗಿದವು. ಕೋರ್ಟಿನಲ್ಲಿ ವಕೀಲರು, 'ಏನೋ ಸಾದಿಕ, ಮನ್ಯಾಗ ಒಗಿಯವರಿಲ್ಲೇನು?' ಎಂದರಂತೆ. ನೀರು ಕಾಯಿಸುವ ಗೀಜರು ಆರೇ ತಿಂಗಳಲ್ಲಿ ಸುಟ್ಟುಹೋಯಿತು. ಶಾಯಿಸ್ತಾ ಬಂದಾಗ ಸೊಂಟದವರೆಗೆ ಕೂದಲಿತ್ತು. ಅವು ಉದುರಿ ಉದುರಿ ಕೊನೆಗೆ ಬೆರಳು ದಪ್ಪದ ಜಡೆ ಉಳಿಯಿತು. ಒಂದೊಂದನ್ನೂ ನಾನು ನೋಡಿದೆ, ಒಂದೊಂದನ್ನೂ ಅವಳ ಲೆಕ್ಕಕ್ಕೆ ಹಚ್ಚಿದೆ. ಸಾಬೂನು ಹಾಳು ಮಾಡುತ್ತಾಳೆ, ಪಾತ್ರೆ ಬೆಳಗುವುದಿಲ್ಲ, ಮನೆ ತುಂಬ ಕೂದಲು ಉದುರಿಸುತ್ತಾಳೆ. ಓಣಿಯ ಹೆಂಗಸರು, 'ಸೊಸಿ ಕಾಲ್ಗುಣ ಹೆಂಗೈತ್ರಿ ಅಕ್ಕೋರ?' ಎಂದು ಕೇಳಿದರೆ ನಾನು ಬಾಯಿಂದ ಏನೂ ಹೇಳುತ್ತಿರಲಿಲ್ಲ, ಕತ್ತು ಅಲ್ಲಾಡಿಸುತ್ತಿದ್ದೆ. ಮಾತಿಗಿಂತ ಅದು ಹೆಚ್ಚು ದೂರ ಹೋಗುತ್ತದೆ.

ನಿಮ್ಮ ನೀರು ಕುಡಿದಾದರೂ ನಮಗೆ ತಿಳಿಯಬಾರದಿತ್ತೇ ಎಂದು ನೀವು ಕೇಳಬಹುದು. ಕುಡಿಯುವುದಿಲ್ಲವಲ್ಲ! ಕುಡಿಯಲು ಓಣಿಯ ಕೊನೆಯ ಶುದ್ಧ ನೀರಿನ ಘಟಕದಿಂದ ಕ್ಯಾನು ತರುತ್ತೇವೆ. ನಳದ ನೀರನ್ನು ಯಾರೂ ಬಾಯಿಗೆ ಹಾಕಿಕೊಳ್ಳುವುದಿಲ್ಲ ಎಂಬ ಧೈರ್ಯ ನಿಮಗೂ ಇದ್ದಿರಬೇಕು. ಆದರೆ ಆ ಹುಡುಗಿಗೆ ತಿಳಿದಿತ್ತು. ಜುಮ್ಮಾಗಿಯಾದ ಮೂರನೆಯ ದಿನವೇ ಅವಳು ಹೇಳಿದ್ದಳು. ನಮ್ಮ ಮನೆಯ ಮಾತು ದಖನಿ, ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ: 'ಅಮ್ಮಾ, ಈ ನೀರು ಸವಳ ಅದಾವ್ರಿ. ಬ್ಯಾಳಿ ತಪ್ಪಲ್ಲರಿ, ನನ್ನ ತಪ್ಪೂ ಅಲ್ಲರಿ.' ನಾನು ಏನೆಂದೆ ಗೊತ್ತೇ? 'ಇದ ನಳದ ನೀರಾಗ ನಾ ಮೂವತ್ತು ವರ್ಷ ಅಡಗಿ ಮಾಡೀನಿ. ನನಗ ನೀರಿನ ಪಾಠ ಹೇಳಬ್ಯಾಡ.' ಅಷ್ಟು ಹೇಳಿ ಗೆದ್ದವಳಂತೆ ಎದ್ದು ಹೋದೆ. ನಳ ಅದೇ ಆಗಿತ್ತು. ಒಳಗಿನ ನೀರನ್ನು ನೀವು ಬದಲಿಸಿದ್ದು ನನಗೇನು ಗೊತ್ತು?

ಅವಳು ತನ್ನ ದಾರಿ ಹುಡುಕಿಕೊಂಡಳು. ಮೊದಲು ಬೇಳೆಗೆ ಚಿಟಿಕೆ ಸೋಡಾ ಹಾಕಿದಳು. ಬೇಳೆ ಬೆಂದಿತು, ಆದರೆ ಸೋಡಾದ ವಾಸನೆ ನನ್ನ ನಾಲಿಗೆಗೆ ಸಿಕ್ಕಿಬಿಟ್ಟಿತು. 'ಮನೀ ಮಂದಿಗೆ ಸೋಡಾ ತಿನ್ನಸ್ತೀಯೇನು?' ಎಂದು ಡಬ್ಬಿಯನ್ನೇ ಹೊರಗೆ ಎಸೆದೆ. ಆಮೇಲೆ ಕುಡಿಯುವ ಕ್ಯಾನಿನ ನೀರಿನಲ್ಲಿ ಬೇಳೆ ಬೇಯಿಸತೊಡಗಿದಳು. ಸಾರು ಎಷ್ಟು ಚೆನ್ನಾಗಿತ್ತೆಂದರೆ ನಾಲ್ಕು ದಿನ ನಾನು ಎರಡೆರಡು ಬಾರಿ ಬಡಿಸಿಕೊಂಡು ಉಂಡೆ, ಉಂಡು ಹೊಗಳಲಿಲ್ಲ. ಐದನೆಯ ದಿನ ಕ್ಯಾನು ಬೇಗ ಖಾಲಿಯಾಗುವುದು ನನ್ನ ಕಣ್ಣಿಗೆ ಬಿತ್ತು. ಪಕ್ಕದ ಮನೆಯ ಮೆಹರುನಬಿ ಬಂದು ಕುಳಿತಿದ್ದರು. ಅವರ ಮುಂದೆಯೇ ಕುಕ್ಕರಿನ ಮುಚ್ಚಳ ತೆಗೆದು ತೋರಿಸಿ, 'ನೋಡ್ರಿ, ಕುಡಿಯೋ ನೀರಾಗ ಬ್ಯಾಳಿ ಕುದಸ್ತಾಳ! ಇವರವ್ವ ಏನು ಕಲಿಸಿ ಕಳಿಸ್ಯಾಳೋ!' ಎಂದೆ. ತಾಯಿಯ ಹೆಸರು ಬಂದೊಡನೆ ಶಾಯಿಸ್ತಾ ಒಲೆ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡಳು. 'ನಮ್ಮವ್ವ ನನಗ ಹಿರ್‍ಯಾರಿಗೆ ಎದುರ ಮಾತಾಡಬಾರದಂತ ಕಲಿಸ್ಯಾಳ್ರಿ' ಎಂದಳು. ಜುಮ್ಮಾಗಿಯಾಗಿ ಹದಿನೇಳು ತಿಂಗಳಾಗಿತ್ತು, ಅವತ್ತೇ ಮಧ್ಯಾಹ್ನದ ಗಂಗಾವತಿ ಬಸ್ಸಿಗೆ ಹೋದಳು. ಸಾದಿಕ ಸಂಜೆ ಬಂದು ಕೇಳಿದ, ಕೇಳಿ ಕೈಕಾಲು ತೊಳೆಯಲು ಹೋದ. ದಿನವೆಲ್ಲ ಮಂದಿಯ ತಕರಾರು ಟೈಪು ಮಾಡುವ ಹುಡುಗನಿಗೆ ತನ್ನ ಮನೆಯ ತಕರಾರಿಗೆ ಒಂದು ಮಾತು ಹುಟ್ಟಲಿಲ್ಲ. ಅದಕ್ಕೂ ನಾನೇ ಕಾರಣ, ಅವನನ್ನು ಹಾಗೆ ಬೆಳೆಸಿದ್ದು ನಾನು.

ಒಂದು ತಿಂಗಳಿಗೆ ಹಿರಿಯರು ಕೂಡಿದರು. ನಮ್ಮ ಕಡೆಯ ಹಿರಿಯರಾದ ನೂರಸಾಬರು, 'ಬಾಯಿಮಾತು ಬ್ಯಾಡ, ತಕರಾರು ಬರದು ಕೊಡ್ರಿ' ಎಂದರು. ದುಂಡಗೆ ಬರೆಯುವ ಕೈ ಇತ್ತಲ್ಲ, ಬರೆದೆ. ಏಳು ಕಲಮು. ಬೇಳೆ ಬೇಯಿಸಲು ಬರುವುದಿಲ್ಲ ಎಂಬುದರಿಂದ ಹಿಡಿದು ಗೀಜರು ಸುಟ್ಟದ್ದರವರೆಗೆ, ಗಂಡನ ಅಂಗಿಯ ಬಣ್ಣ, ಪಾತ್ರೆಯ ಕಲೆ, ಸಾಬೂನು, ಸೋಡಾ, ಕ್ಯಾನಿನ ನೀರು ಯಾವುದನ್ನೂ ಬಿಡಲಿಲ್ಲ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಅದನ್ನು ಎರಡೂ ಕಡೆಯ ಮಂದಿಯ ಮುಂದೆ ಗಟ್ಟಿಯಾಗಿ ಓದಿದರು. ಹುಡುಗಿ ತಲೆ ಮೇಲೆತ್ತಿ, 'ನನಗ ಅಡಗಿ ಬರತೈತಿ' ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಆರು ತಿಂಗಳು ತವರಿನಲ್ಲಿದ್ದು ಮನೆಗೆಲಸ ಕಲಿತು ಬರಲಿ, ಬರದಿದ್ದರೆ ಸಂಬಂಧ ಮುಗಿದಂತೆ ಎಂದು ಹಿರಿಯರ ತೀರ್ಮಾನದ ಪುಸ್ತಕದಲ್ಲಿ ಬರೆದರು. ನನ್ನ ಕಾಗದವನ್ನು ಅದಕ್ಕೇ ಟಾಚಣಿ ಹಚ್ಚಿ ಇಟ್ಟರು.

ಆಮೇಲೆ ಒಲೆ ಮತ್ತೆ ನನ್ನ ಪಾಲಿಗೆ ಬಂತು. ಮೊದಲ ದಿನ ಬೇಳೆ ಬೇಯಲಿಲ್ಲ. ಅಂಗಡಿಯವನು ಹಳೆಯ ಬೇಳೆ ಕೊಟ್ಟ ಎಂದು ಅವನನ್ನು ಬೈದೆ. ಬೇರೆ ಅಂಗಡಿಯದನ್ನು ತಂದೆ, ಅದೂ ಬೇಯಲಿಲ್ಲ. ಕುಕ್ಕರಿನ ರಬ್ಬರು ಬದಲಿಸಿದೆ. ಸಾದಿಕನ ಅಂಗಿಯನ್ನು ನನ್ನ ಕೈಯಾರೆ ಒಗೆದೆ, ಬೂದಿ ಬಣ್ಣ ಹೋಗಲಿಲ್ಲ. ಸಾಬೂನಿನ ಕಂಪನಿಯವರು ಮೋಸಗಾರರು ಎಂದೆ. ಕೊನೆಗೆ ನನ್ನ ವಯಸ್ಸನ್ನು ಬೈದುಕೊಂಡೆ. ಇಷ್ಟಾದರೂ ನಳದ ಕಡೆಗೆ ಬೆರಳು ಹೋಗಲಿಲ್ಲ ನೋಡಿ! ಸರಕಾರದ ನಳ, ಸರಕಾರದ ನೀರು, ಸರಕಾರದ ಸಂಬಳ ಉಂಡ ಮಾಸ್ತರಣಿ ನಾನು. ನನಗೆ ನಿಮ್ಮ ಮೇಲೆ ಅಷ್ಟು ನಂಬಿಕೆ ಇತ್ತು. ಸೊಸೆಯ ಮೇಲೆ ಅದರ ಕಾಲು ಭಾಗ ನಂಬಿಕೆ ಇಟ್ಟಿದ್ದರೂ ಈ ಪತ್ರ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಮಾಘ ಮಾಸದ ಒಂದು ಬೆಳಿಗ್ಗೆ ವಾಲ್ವು ತಿರುಗಿಸುವ ನಿಮ್ಮ ಕಡೆಯವರೊಬ್ಬರು ಬಾಗಿಲಲ್ಲಿ ನೀರು ಕೇಳಿದರು. ಕ್ಯಾನಿನ ನೀರು ಕೊಡುತ್ತ, ಈಗೀಗ ನಳದ ನೀರು ಬಿಳುಪಾಗಿ ಬರುತ್ತದಲ್ಲ ಎಂದು ಮಾತಿಗೆ ಅಂದೆ. ಅವರು ಆಶ್ಚರ್ಯದಿಂದ, 'ಈಗೀಗ ಎಲ್ಲೀದ್ರಿ ಅಕ್ಕೋರ? ನಿಮ್ಮ ಓಣಿಗೆ ಹೊಳೀ ನೀರು ನಿಂತು ಎರಡು ವರ್ಷ ಆಗಾಕ ಬಂತು. ಬೋರಿನ ಲೈನು ಕೂಡಸೀವಲ್ರಿ' ಎಂದರು. ಯಾವಾಗ ಎಂದು ಕೇಳಿದೆ. 'ನಿಮ್ಮನ್ಯಾಗ ಕಡೀ ಜುಮ್ಮಾಗಿ ಊಟ ಇತ್ತಲ್ರಿ, ಅದರ ಹಿಂದಿನ ದಿನ. ಮರುದಿನ ನಾವೂ ಉಂಡೀವಿ. ಬ್ಯಾಳಿ ಬೆಂದಿದ್ದಿಲ್ಲ, ನನಗ ಇನ್ನೂ ನೆನಪೈತಿ. ಆಗ ನನ್ನ ಮನಸಿನ್ಯಾಗ ಅನಕೊಂಡೆ, ಇದು ಬೋರಿನ ನೀರಿನ ಆಟ ಅಂತ. ಲೀಕೇಜ್ ಅಂತ ಹೇಳ್ರಿ ಅಂದಿದ್ರು ಮ್ಯಾಲಿನವರು, ಮತ್ತ ನಾವ್ಯಾಕ ಬಾಯಿ ಬಿಡಬೇಕು?' ಇದನ್ನು ಬರೆದು ಕೊಡುವಿರಾ ಎಂದೆ. ಕೈ ಮುಗಿದು, 'ಹೊಟ್ಟಿ ಮ್ಯಾಲ ಹೊಡಿಬ್ಯಾಡ್ರಿ ಅಕ್ಕೋರ' ಎಂದು ಹೊರಟುಹೋದರು. ಅವತ್ತು ಗುಂಡಿ ತೋಡಿದ ಆರೂ ಜನ ನಮ್ಮಲ್ಲಿ ಉಂಡಿದ್ದರು, ಆರೂ ಜನರಿಗೆ ಬೇಳೆ ಹಲ್ಲಿಗೆ ಸಿಕ್ಕಿತ್ತು. ಆದ್ದರಿಂದ ಹೇಳಿದವರು ಯಾರೆಂದು ಹುಡುಕುವ ಶ್ರಮ ನೀವು ತೆಗೆದುಕೊಳ್ಳಬೇಡಿ.

ಅವರು ಹೋದ ಮೇಲೆ ನಾನು ಎರಡು ಬಾಟಲಿ ತಂದೆ. ಒಂದಕ್ಕೆ ಕ್ಯಾನಿನ ನೀರು, ಒಂದಕ್ಕೆ ನಳದ ನೀರು ತುಂಬಿ, ಎರಡಕ್ಕೂ ಅಷ್ಟಷ್ಟೇ ಸಾಬೂನಿನ ತುರಿ ಹಾಕಿ ಹತ್ತು ಬಾರಿ ಅಲ್ಲಾಡಿಸಿದೆ. ಒಂದರಲ್ಲಿ ಬುರುಗು ಕುತ್ತಿಗೆಯವರೆಗೆ ಎದ್ದಿತು. ಇನ್ನೊಂದರಲ್ಲಿ ಬಿಳಿ ಚೂರು ತೇಲಿದವು, ಅಷ್ಟೆ. ಈ ಪ್ರಯೋಗ ನನಗೆ ಯಾರೂ ಹೇಳಿಕೊಡಲಿಲ್ಲ ಸಾಹೇಬರೇ. ವರ್ಷಕ್ಕೊಮ್ಮೆಯಂತೆ ಮೂವತ್ತು ವರ್ಷ ನಾನೇ ಮಕ್ಕಳಿಗೆ ಮಾಡಿ ತೋರಿಸಿದ ಪಾಠ ಅದು. ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡುವುದಿಲ್ಲ, ಬೇಳೆಕಾಳು ಬೇಗ ಬೇಯುವುದಿಲ್ಲ ಎಂದು ಹಲಗೆಯ ಮೇಲೆ ಬರೆದು ಮಕ್ಕಳಿಂದ ಗಟ್ಟಿಯಾಗಿ ಹೇಳಿಸಿದವಳು ನಾನು. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕ ಇರುತ್ತಿತ್ತು. ನನ್ನ ಮನೆಯಲ್ಲಿ, ನನ್ನ ಕಣ್ಣ ಮುಂದೆ ಅದೇ ಪಾಠ ಎರಡು ವರ್ಷದ ಹತ್ತಿರ ನಡೆದರೂ ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಬೈಯಲು ಸೊಸೆ ಕೈಗೆ ಸಿಕ್ಕಿದ್ದರಿಂದ ಹೊಳೆಯಲು ಬಿಡಲಿಲ್ಲವೋ, ಅದನ್ನು ಆ ದೇವರು, ಪರ್ವರ್ದಿಗಾರನೇ ಬಲ್ಲ. ಒಗೆಯುವ ಕಲ್ಲಿನ ಮೇಲೆ ಕುಳಿತು ಅತ್ತುಬಿಟ್ಟೆ. ಯಜಮಾನರು ತೀರಿಕೊಂಡಾಗಲೂ ಹಾಗೆ ಅತ್ತಿರಲಿಲ್ಲ.

ನಿಮ್ಮ ಕಚೇರಿಗೆ ಬಂದೆ. ಮೂರು ಸಲ ಬಂದೆ. ನೀರು ಬದಲಿಸಿದ ದಿನಾಂಕವನ್ನು ಒಂದು ಸಾಲಿನಲ್ಲಿ ಬರೆದು ಕೊಡಿ ಎಂದಷ್ಟೇ ಕೇಳಿದೆ. ಮೇಜಿನ ಹಿಂದಿದ್ದ ನಿಮ್ಮ ಗುಮಾಸ್ತರು ನನ್ನ ಬಾಟಲಿಗಳನ್ನು ನೋಡಿ ನಕ್ಕು, 'ಅಕ್ಕೋರ, ಈ ನೀರಿಂದ ಯಾರೂ ಸಾಯೋದಿಲ್ಲಲ್ರಿ?' ಎಂದರು. ಖರೆ. ಯಾರೂ ಸತ್ತಿಲ್ಲ. ಸತ್ತಿದ್ದರೆ ನಿಮ್ಮಲ್ಲಿ ಒಂದು ಕಡತವಾದರೂ ತೆರೆಯುತ್ತಿತ್ತು. ಬೇಳೆ ಬೇಯದ್ದಕ್ಕೆ, ಅಂಗಿ ಬೂದಿಯಾದದ್ದಕ್ಕೆ, ಒಂದು ಹೆಣ್ಣು ತನ್ನ ತಪ್ಪಿಲ್ಲದೆ ಹದಿನೇಳು ತಿಂಗಳು ಬೈಸಿಕೊಂಡದ್ದಕ್ಕೆ ಕಡತ ತೆರೆಯುವ ಪದ್ಧತಿ ನಿಮ್ಮಲ್ಲಿ ಇಲ್ಲ. ನಾಲ್ಕನೆಯ ವಾರ ಅಂಚೆಯಲ್ಲಿ ಉತ್ತರ ಬಂತು. ಮೊಹರು ಇತ್ತು, ಜಾವಕ ಸಂಖ್ಯೆ ಇತ್ತು. 'ಸದರಿ ಓಣಿಗೆ ಮೊದಲಿನಿಂದಲೂ ನದಿ ಮೂಲದ ನೀರನ್ನೇ ಸರಬರಾಜು ಮಾಡಲಾಗುತ್ತಿದ್ದು, ನೀರು ನಿಗದಿತ ಮಿತಿಯೊಳಗಿರುತ್ತದೆ' ಎಂದು ಬರೆದಿತ್ತು. ಎಷ್ಟು ಶಾಂತವಾದ ಸುಳ್ಳು! ಒಂದು ಅಕ್ಷರವೂ ಓರೆಯಾಗಿಲ್ಲ. ಸುಳ್ಳನ್ನು ಅಷ್ಟು ಅಂದವಾಗಿ ಬರೆದವರು ಈ ಊರಿನಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ.

ಆ ಕಾಗದದ ಕೆಲಸ ಅಲ್ಲಿಗೇ ಮುಗಿದಿದ್ದರೆ ನಾನು ಹರಿದು ಒಗೆದು ಸುಮ್ಮನಾಗುತ್ತಿದ್ದೆ. ಅದಕ್ಕೂ ಮೊದಲು ನೂರಸಾಬರ ಮನೆಗೆ ಹೋಗಿ, ಸೊಸೆಯ ತಪ್ಪಲ್ಲ, ನಳದ ನೀರಿನದು, ಆ ಏಳು ಕಲಮನ್ನು ಹೊಡೆದು ಹಾಕಿರಿ ಎಂದು ಕೇಳಿಕೊಂಡಿದ್ದೆ. ಅವರು ಒಳ್ಳೆಯವರು, ಆದರೆ ಪುಸ್ತಕದಲ್ಲಿ ಬರೆದದ್ದನ್ನು ಬಾಯಿಮಾತಿಗೆ ಅಳಿಸುವವರಲ್ಲ. 'ಅಕ್ಕೋರ, ಅವತ್ತು ನೀವ ಬರದ್ರಿ, ಇವತ್ತು ನೀವ ಅಳಸ್ರಿ ಅಂತೀರಿ. ಇವತ್ತು ನೀರು ಸವಳ ಇದ್ದೀತು, ಆಕಿ ಬಂದಾಗಿಂದ ಹಂಗ ಇತ್ತಂತ ಏನು ಗುರ್ತು? ಕಚೇರಿ ಕಾಗದ ತರ್ರಿ, ಆ ಪುಸ್ತಕದಾಗ ನಾನ ಗೀಟು ಹೊಡಿತೀನಿ' ಎಂದರು. ನಿಮ್ಮ ಉತ್ತರ ಬಂದ ಸುದ್ದಿ ತಿಳಿದು ಅವರೇ ಓದಲು ಕೇಳಿದರು. ಓದಿ ಕನ್ನಡಕ ತೆಗೆದು, 'ಸರಕಾರನ ಹೊಳೀ ನೀರು ಅನ್ನತೈತಿ. ಹಂಗಾದ್ರ ತಪ್ಪು ಆಕೀದ ಆತಲ್ರಿ' ಎಂದರು. ಈಗ ಆ ಪುಸ್ತಕದಲ್ಲಿ ನನ್ನ ಕಾಗದದ ಮೇಲೆ ನಿಮ್ಮ ಕಾಗದವೂ ಇದೆ. ನಾನು ಅವಳ ಮೇಲೆ ಹೇಳಿದ ಸುಳ್ಳಿಗೆ ನೀವು ಸಾಕ್ಷಿ ಹಾಕಿದ್ದೀರಿ.

ಹೋದ ವಾರ ಶ್ರೀರಾಮನಗರಕ್ಕೆ ಹೋಗಿದ್ದೆ. ಗಂಗಾವತಿಯಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗಿಬಿಡೋಣ ಎಂದು ಎರಡು ಸಲ ಅನ್ನಿಸಿತು. ಹುಸೇನಬೀಯವರು ಬಾಗಿಲು ತೆರೆದರು, ಒಂದು ಕೆಟ್ಟ ಮಾತು ಆಡಲಿಲ್ಲ. ಚಹಾ ಮಾಡಿ ತಂದರು. ಸಿಹಿನೀರಿನ ಆ ಚಹಾದ ರುಚಿಗೇ ನನ್ನ ಕಣ್ಣು ತುಂಬಿ ಬಂತು. ಒಳಗೆ ಶಾಯಿಸ್ತಾ ಕಾಣಲಿಲ್ಲ. 'ಆಕಿ ಒಲೀ ಮುಂದ ಬರವಲ್ಲಳ್ರಿ' ಎಂದರು ಆ ತಾಯಿ. 'ಮೊದಮೊದಲು ಸಿಟ್ಟಿತ್ತು. ಆಮ್ಯಾಲ ಇಲ್ಲಿ ಮಂದಿನೂ ಬ್ಯಾಳಿ ಬಾರದಾಕಿ, ಬ್ಯಾಳಿ ಬಾರದಾಕಿ ಅಂತ ಆಡಿದ್ರು. ಈಗ ತನ್ನ ಕೈನ ಸುಮಾರ ಐತಿ ಅಂತ ಆಕಿನೂ ನಂಬ್ಯಾಳ. ಹತ್ತು ವರ್ಷದಾಕಿ ಇದ್ದಾಗಿಂದ ಈ ಮನಿ ಅಡಗಿ ಮಾಡಿದ ಹುಡುಗಿ, ಬ್ಯಾಳಿ ಡಬ್ಬಿ ಮುಟ್ಟಂದ್ರ ಕೈ ಹಿಂದಕ್ಕ ತಗೋತಾಳ.'

ನಾನು ಅವಳನ್ನು ಕರೆಸಿ, ಎದುರಿಗೆ ಕುಳಿತು, ಬಾಟಲಿ ಅಲ್ಲಾಡಿಸಿ ತೋರಿಸಿದೆ. ನನ್ನದೇ ತಪ್ಪು ಮಗಳೇ, ನೀರು ಕೆಟ್ಟದ್ದು ನನಗೆ ಗೊತ್ತಿರಲಿಲ್ಲ ಎಂದೆ. ಶಾಯಿಸ್ತಾ ಬಾಟಲಿಯನ್ನು ತೆಗೆದುಕೊಂಡು ತಾನೂ ಅಲ್ಲಾಡಿಸಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: 'ನೀರು ಕೆಟ್ಟಾವಂತ ನಿಮಗ ಗೊತ್ತಿರಲಿಲ್ಲ, ಒಪ್ಪಿದೆ. ನಾ ಕೆಟ್ಟಾಕಿ ಅಂತ ಹೆಂಗ ಗೊತ್ತಾತ್ರಿ ಅಮ್ಮಾ?'

ನಾನು ಬಾಟಲಿಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ನಿಮ್ಮ ಹತ್ತಿರ ಈ ಪ್ರಶ್ನೆಗೆ ಉತ್ತರ ಇರಲೂ ಸಾಧ್ಯವಿಲ್ಲ, ಅದು ನನಗೆ ಕೇಳಿದ ಪ್ರಶ್ನೆ. ಹೊರಡುವಾಗ ಅವಳು ಬಾಗಿಲಿಗೆ ಬಂದು, 'ಬಾಯಿಲೆ ಮಾಫಿ ಕೇಳಬ್ಯಾಡ್ರಿ. ಬರದು ಓದಿಸಿದ್ರಿ, ಬರದ ಓದಿಸ್ರಿ. ಬರೂದು ಬಿಡೂದು ಆಮ್ಯಾಲ ನೋಡೋಣ' ಎಂದಳು. ಅವಳು ತಿರುಗಿ ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಬರದಿದ್ದರೆ ಅವಳ ತಪ್ಪೆಂದು ನಾನು ಹೇಳಲಾರೆ. ಆದರೆ ತನ್ನ ಕೈ ತನ್ನದೇ ಎಂದು ಅವಳಿಗೆ ಮತ್ತೆ ನಂಬಿಕೆ ಬರಬೇಕು, ಅದನ್ನು ಕಸಿದುಕೊಂಡವರು ನಾವಿಬ್ಬರು, ನಾನು ಮತ್ತು ನೀವು.

ಆದ್ದರಿಂದ ನನ್ನ ಬೇಡಿಕೆ ಹೇಳುತ್ತೇನೆ. ಹೊಳೆಯ ನೀರು ನಾಳೆಯೇ ಬಿಡಿ ಎನ್ನುವುದಿಲ್ಲ. ಬಿಡಲಾರಿರಿ, ಬಿಟ್ಟರೂ ಬೇಸಿಗೆಗೆ ನಿಲ್ಲಿಸುತ್ತೀರಿ. ನಿಮ್ಮ ಆ ಸುಳ್ಳು ಉತ್ತರವನ್ನು ಹಿಂದಕ್ಕೆ ತೆಗೆದುಕೊಂಡು, ಇಂಥ ದಿನದಿಂದ ಅತ್ತಾರ ಓಣಿಯ ನಳಕ್ಕೆ ಕೊಳವೆಬಾವಿಯ ನೀರು ಬಿಟ್ಟಿದ್ದೇವೆ, ಅದು ಗಡಸು ನೀರು, ಜನರಿಗೆ ತಿಳಿಸಲಿಲ್ಲ ಎಂದು ಮೊಹರು ಹಾಕಿ ಎರಡನೆಯ ಶುಕ್ರವಾರದೊಳಗೆ ಕೊಡಿ. ಕಸದ ಗಾಡಿಯ ಮೈಕಿನಲ್ಲಿ ವಾರಕ್ಕೆರಡು ಬಾರಿ ನಳದ ತೆರಿಗೆ ಕಟ್ಟಿರಿ ಎಂದು ಕೂಗಿಸುತ್ತೀರಲ್ಲ, ಅದೇ ಮೈಕಿನಲ್ಲಿ ಇದನ್ನೂ ಕೂಗಿಸಿ. ಈ ಓಣಿಯಲ್ಲಿ ಆಮೇಲೆಯೂ ಐದು ಮದುವೆಯಾಗಿವೆ, ಐದು ಹೊಸ ಸೊಸೆಯರು ಬಂದಿದ್ದಾರೆ. ಅವರ ಅತ್ತೆಯರೂ ನನ್ನಂಥವರೇ, ಕೆಟ್ಟವರಲ್ಲ, ಕಿವಿ ಇಲ್ಲದವರು. ಹೆಣ್ಣುಮಕ್ಕಳು ಹೇಳಿದರೆ ಕೇಳಿಸದ್ದು ಮೈಕಿನಲ್ಲಿ ಹೇಳಿದರಾದರೂ ಕೇಳಿಸೀತು.

ನಿಮಗೆ ಬರೆಯಲು ಮುಜುಗರವಾಗುತ್ತದೆ ಎಂದು ಬಲ್ಲೆ. ಕುರ್ಚಿಯ ಮೇಲೆ ಕುಳಿತು ತಪ್ಪಾಯಿತು ಎಂದು ಬರೆಯುವುದು ಕಷ್ಟ, ಅತ್ತೆಯ ಪೀಠದ ಮೇಲೆ ಕುಳಿತು ಬರೆಯುವುದೂ ಅಷ್ಟೇ ಕಷ್ಟ. ಅದಕ್ಕೆ ನಾನು ಮೊದಲು ಬರೆಯುತ್ತೇನೆ, ಇಡೀ ಜಿಲ್ಲೆಯ ಮಂದಿ ಓದಲಿ: ನನ್ನ ಸೊಸೆ ಶಾಯಿಸ್ತಾಳಿಗೆ ಅಡುಗೆ ಬರುತ್ತದೆ. ನಾನು ಬರೆದುಕೊಟ್ಟ ಏಳೂ ಕಲಮು ಸುಳ್ಳು. ಮೂರನೆಯ ದಿನವೇ ಅವಳು ನಿಜ ಹೇಳಿದಳು, ನಾನು ಅವಳನ್ನು ನಂಬಲಿಲ್ಲ.

ನನ್ನದು ಬರೆದಾಯಿತು. ಇನ್ನು ನಿಮ್ಮದು ಬರೆಯಿರಿ.

ಇಂತಿ,
ಹಾಗೆ ಬರೆದುಕೊಳ್ಳಲು ಇನ್ನೂ ಹಕ್ಕಿದ್ದರೆ, ಶಾಯಿಸ್ತಾಳ ಅತ್ತೆ
ನಾಹೀದಾ ಅಬ್ದುಲರೌಫ ಅತ್ತಾರ
ನಿವೃತ್ತ ಶಿಕ್ಷಕಿ, ಅತ್ತಾರ ಓಣಿ